ಎಣ್ಣೆ ಫರ್ನೇಸ್ ಟ್ಯೂನಿಂಗ್: ಉರಿ ನೋಡಿ ಅಲ್ಲ, ಅಳೆದು ಮಾಡಿ

"ಕಿಂಡಿಯಲ್ಲಿ ಇಣುಕಿ ನೋಡಿದೆ, ಉರಿ ಚೆನ್ನಾಗಿಯೇ ಇದೆ" ಅಂತ ಹೇಳಿ ಕೈತೊಳೆದುಕೊಳ್ಳುವವರು ತುಂಬಾ ಜನ. ನಾನೂ ಹಲವು ವರ್ಷ ಹಾಗೇ ಮಾಡಿದವನು. ಆಮೇಲೆ ಒಮ್ಮೆ ಹೊಗೆ ಅಳೆಯುವ ಪಂಪನ್ನು ಕೈಗೆ ತಗೊಂಡು ಹತ್ತು ಸಲ ಎಳೆದೆ. ಒಳಗಿಟ್ಟ ಬಿಳಿ ಕಾಗದದ ಮೇಲೆ ನಾಣ್ಯದಷ್ಟು ಅಗಲದ ಕಡುಬೂದು ಚುಕ್ಕೆ ಮೂಡಿತ್ತು. ಉರಿ ಆಗಲೂ ಚೆನ್ನಾಗಿಯೇ ಕಾಣಿಸುತ್ತಿತ್ತು! ಅವತ್ತಿನಿಂದ ಎಣ್ಣೆ ಬರ್ನರ್ ವಿಷಯದಲ್ಲಿ ಕಣ್ಣಿನ ಅಂದಾಜನ್ನು ನಂಬುವುದು ಬಿಟ್ಟಿದ್ದೇನೆ.

ಇಲ್ಲಿ ಹೇಳುತ್ತಿರುವುದು ಬಿಸಿಗಾಳಿ ಫರ್ನೇಸಿನ ಬಗ್ಗೆ. ಅಂದರೆ ಎಣ್ಣೆ ಉರಿಸಿ, ಆ ಬಿಸಿಯಿಂದ ಗಾಳಿಯನ್ನು ಕಾಯಿಸಿ, ಡಕ್ಟ್ ಮೂಲಕ ಮನೆಗೆಲ್ಲ ಕಳಿಸುವ ಯಂತ್ರ. ನೀರು ಕಾಯಿಸುವ ಬಾಯ್ಲರಿನಲ್ಲೂ ಬರ್ನರ್ ಇದೇ ಜಾತಿಯದು, ಹಾಗಾಗಿ ಉರಿಯ ಪರೀಕ್ಷೆಗಳು ಅದಕ್ಕೂ ಹೊಂದುತ್ತವೆ.

ಶುರು ಮಾಡುವ ಮೊದಲೇ ಒಂದು ಮಾತು. ಬಹಳ ಕಡೆ ಬರ್ನರ್ ಬಿಚ್ಚಿ ಹೊಂದಿಸಲು ಲೈಸೆನ್ಸ್ ಇರುವ ತಂತ್ರಜ್ಞರೇ ಬೇಕು ಎಂಬ ನಿಯಮ ಇದೆ. ನಿಮ್ಮ ಕಡೆಯ ನಿಯಮ ಏನು ಅಂತ ಮೊದಲು ತಿಳಿದುಕೊಳ್ಳಿ. ನೀವೇ ಮಾಡದಿದ್ದರೂ ಇದನ್ನು ಓದಿಟ್ಟುಕೊಂಡರೆ ನಷ್ಟವೇನಿಲ್ಲ. ಮನೆಗೆ ಬಂದವರು ಅಳತೆ ತೆಗೆದರೋ ಅಥವಾ ಇಣುಕಿ ನೋಡಿ ಬಿಲ್ ಕೊಟ್ಟು ಹೋದರೋ ಅಂತ ಗೊತ್ತಾಗುತ್ತದೆ, ಅಲ್ವಾ?

ಒಳಗೆ ನಡೆಯುವುದೇನು

ಥರ್ಮೋಸ್ಟಾಟ್ ಬಿಸಿ ಕೇಳಿದ ತಕ್ಷಣ ಬರ್ನರಿನ ಮೋಟಾರ್ ಶುರುವಾಗುತ್ತದೆ. ಅದೇ ಮೋಟಾರ್ ಒಂದು ಕಡೆ ಗಾಳಿಯ ಫ್ಯಾನನ್ನೂ ಇನ್ನೊಂದು ಕಡೆ ಎಣ್ಣೆಯ ಪಂಪನ್ನೂ ತಿರುಗಿಸುತ್ತದೆ. ಪಂಪು ಎಣ್ಣೆಯನ್ನು ಒತ್ತಿ ನಾಝಲ್ ಎಂಬ ಪುಟ್ಟ ಹಿತ್ತಾಳೆ ಮೂತಿಯಿಂದ ಮಂಜಿನಂತೆ ಚಿಮ್ಮಿಸುತ್ತದೆ. ಅದರ ಮುಂದೆ ಎರಡು ಎಲೆಕ್ಟ್ರೋಡುಗಳ ನಡುವೆ ಕಿಡಿ ಹಾರುತ್ತಿರುತ್ತದೆ. ಹಳೇ ಟ್ರಾನ್ಸ್‌ಫಾರ್ಮರ್ ಆದರೆ 10,000 ವೋಲ್ಟ್, ಹೊಸ ಎಲೆಕ್ಟ್ರಾನಿಕ್ ಇಗ್ನೈಟರ್ ಆದರೆ ಇನ್ನೂ ಜಾಸ್ತಿ. ಮಂಜು ಹೊತ್ತಿಕೊಳ್ಳುತ್ತದೆ. ಕ್ಯಾಡ್ ಸೆಲ್ ಎಂಬ ಬೆಳಕಿನ ಕಣ್ಣು ಉರಿಯನ್ನು ನೋಡಿ "ಹೊತ್ತಿದೆ" ಅಂತ ಕಂಟ್ರೋಲಿಗೆ ತಿಳಿಸುತ್ತದೆ. ನಿಗದಿಯಾದ ಸಮಯದೊಳಗೆ ಉರಿ ಕಾಣದಿದ್ದರೆ ಕಂಟ್ರೋಲು ಎಲ್ಲವನ್ನೂ ನಿಲ್ಲಿಸಿ ಲಾಕ್ ಆಗುತ್ತದೆ. ಹಳೆಯದರಲ್ಲಿ ಈ ಸಮಯ 45 ಸೆಕೆಂಡ್, ಹೊಸದರಲ್ಲಿ 15 ಇರುವುದು ಸಾಮಾನ್ಯ.

ಲಾಕ್ ಆದಾಗ ಒತ್ತಲಿಕ್ಕೆಂದೇ ಒಂದು ಕೆಂಪು ಗುಂಡಿ ಇರುತ್ತದೆ. ಅದನ್ನು ಒಮ್ಮೆ ಒತ್ತಿ. ಹೊತ್ತದಿದ್ದರೆ ಮತ್ತೆ ಮತ್ತೆ ಒತ್ತಬೇಡಿ. ಪ್ರತಿ ಸಲವೂ ಉರಿಯದ ಎಣ್ಣೆ ಒಳಗಿನ ಗೂಡಿಗೆ ಸುರಿಯುತ್ತದೆ. ಒಂದು ಚಳಿರಾತ್ರಿ ನಾನು ನಾಲ್ಕು ಸಲ ಒತ್ತಿದೆ. ಐದನೇ ಸಲ ಹೊತ್ತಿತು. ಒಳಗೆ ನಿಂತಿದ್ದ ಎಣ್ಣೆಯೆಲ್ಲ ಒಟ್ಟಿಗೇ ಹೊತ್ತಿ "ಢಬ್" ಅಂತ ಸದ್ದಾಯಿತು, ಇಣುಕುಬಾಗಿಲು ತೆರೆದುಕೊಂಡಿತು, ಹೊಗೆಕೊಳವೆಯ ಒಂದು ಜೋಡಣೆ ಕಳಚಿತು. ಕೋಣೆಯ ಗೋಡೆಯ ಮಸಿ ಒರೆಸಲು ಎರಡು ದಿನ ಹಿಡಿಯಿತು. ಗಾಯವಾಗದೇ ಇದ್ದದ್ದು ನನ್ನ ಪುಣ್ಯ.

ಬೇಕಾಗುವ ಸಾಮಾನು

ಪಂಪಿನ ಒತ್ತಡ ನೋಡಲು 0–200 ಪಿಎಸ್‌ಐ ಗೇಜ್, ಚಿಮಣಿಯ ಸೆಳೆತ ಅಳೆಯಲು ಡ್ರಾಫ್ಟ್ ಗೇಜ್, ಹೊಗೆ ಪಂಪು ಮತ್ತು ಅದರ ಹೋಲಿಕೆ ಪಟ್ಟಿ, ಹೊಗೆಕೊಳವೆಗೆ ಚುಚ್ಚುವ ಥರ್ಮಾಮೀಟರ್, ಆಮ್ಲಜನಕ ಮತ್ತು ಕಾರ್ಬನ್ ಮಾನಾಕ್ಸೈಡ್ ತೋರಿಸುವ ಅನಲೈಸರ್. ಇಷ್ಟು ಅಳತೆಯ ಸಾಮಾನು. ಎಲೆಕ್ಟ್ರಾನಿಕ್ ಅನಲೈಸರ್ ದುಬಾರಿ, ಬಾಡಿಗೆಗೆ ಸಿಕ್ಕರೆ ಒಳ್ಳೆಯದು. ಆದರೆ ಅದಿದೆ ಅಂತ ಹೊಗೆ ಪಂಪನ್ನು ಬಿಡಬೇಡಿ. ಅನಲೈಸರ್ ಅನಿಲವನ್ನು ಅಳೆಯುತ್ತದೆ, ಮಸಿಯನ್ನಲ್ಲ. ಮೊದಲು ಹೊಗೆ ನೋಡದೆ ಅನಲೈಸರ್ ತೂರಿಸಿದರೆ ಅದರ ಫಿಲ್ಟರೂ ಕೆಡುತ್ತದೆ.

ಇದರ ಜೊತೆಗೆ ಹೊಸ ನಾಝಲ್, ಎಣ್ಣೆ ಫಿಲ್ಟರ್, ಪಂಪಿನ ಜಾಲರಿ ಮತ್ತು ಗ್ಯಾಸ್ಕೆಟ್, ಫರ್ನೇಸ್ ಸಿಮೆಂಟು, ಬ್ರಶ್‌ಗಳು, ಮಸಿ ಎಳೆಯುವ ವ್ಯಾಕ್ಯೂಮ್, ಮುಖಕ್ಕೆ ಒಳ್ಳೆಯ ಮಾಸ್ಕ್ ಬೇಕು. ಮನೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಅಲಾರಂ ಇಲ್ಲದಿದ್ದರೆ ಮೊದಲು ಅದನ್ನು ಹಾಕಿ, ಉಳಿದದ್ದು ಆಮೇಲೆ.

ಮೊದಲು ಅಳೆಯಿರಿ, ಆಮೇಲೆ ಬಿಚ್ಚಿ

ಹೆಚ್ಚಿನವರು ಇಲ್ಲಿಯೇ ಎಡವುತ್ತಾರೆ. ಬಂದ ತಕ್ಷಣ ಸ್ಪ್ಯಾನರ್ ಹಿಡಿದು ಬಿಚ್ಚಿಬಿಡುತ್ತಾರೆ. ಅದರ ಬದಲು ಫರ್ನೇಸನ್ನು ಇದ್ದ ಹಾಗೇ ಹತ್ತು-ಹದಿನೈದು ನಿಮಿಷ ಓಡಿಸಿ ಎಲ್ಲ ರೀಡಿಂಗ್ ಬರೆದುಕೊಳ್ಳಿ. ಕೆಟ್ಟದ್ದು ಎಲ್ಲಿ ಅಂತ ಅರ್ಧ ಅಲ್ಲೇ ತಿಳಿಯುತ್ತದೆ. ಹೊಗೆ ತುಂಬಾ ಬರುತ್ತಿದ್ದರೆ ಮಾತ್ರ ಈ ಓಟವನ್ನು ಚುಟುಕಾಗಿ ಮುಗಿಸಿ.

ಅಳತೆಗೆ ಹೊಗೆಕೊಳವೆಯಲ್ಲಿ ಒಂದು ತೂತು ಬೇಕು, ಕಾಲು ಇಂಚು ಸಾಕು. ಅದು ಫರ್ನೇಸಿಗೂ ಡ್ರಾಫ್ಟ್ ರೆಗ್ಯುಲೇಟರಿಗೂ ನಡುವೆ ಇರಬೇಕು. ರೆಗ್ಯುಲೇಟರ್ ಅಂದರೆ ಹೊಗೆಕೊಳವೆಯಲ್ಲಿ ತೂಗಾಡುವ ಆ ಪುಟ್ಟ ದುಂಡು ಬಾಗಿಲು. ಅದನ್ನು ದಾಟಿದ ಮೇಲೆ ತೂತು ಮಾಡಿದರೆ ಕೋಣೆಯ ಗಾಳಿ ಬೆರೆತು ರೀಡಿಂಗ್ ಎಲ್ಲ ಸುಳ್ಳಾಗುತ್ತದೆ. ಕೊಳವೆ ತಿರುಗುವ ಕಡೆಯೂ ಬೇಡ.

ಚೊಕ್ಕಟ ಮಾಡುವುದು

ಸ್ವಿಚ್ ಆಫ್ ಮಾಡಿ, ಎಣ್ಣೆಯ ವಾಲ್ವ್ ಮುಚ್ಚಿ, ಫರ್ನೇಸ್ ತಣ್ಣಗಾಗಲು ಬಿಡಿ. ಹೊಗೆಕೊಳವೆ ಬಿಚ್ಚಿ ತಟ್ಟಿ ಮಸಿ ಉದುರಿಸಿ. ಹೀಟ್ ಎಕ್ಸ್‌ಚೇಂಜರಿನ (ಉರಿಯ ಬಿಸಿಯನ್ನು ಮನೆಗಾಳಿಗೆ ದಾಟಿಸುವ ಲೋಹದ ಭಾಗ) ಒಳಗಿನ ದಾರಿಗಳಿಗೆ ಬ್ರಶ್ ಹಾಕಿ, ವ್ಯಾಕ್ಯೂಮ್ ಹಾಕಿ. ಉರಿಯುವ ಗೂಡಿನ ಒಳಗೋಡೆಯನ್ನು ಮಾತ್ರ ಬ್ರಶ್‌ನಿಂದ ತಿಕ್ಕಬೇಡಿ. ಸೆರಾಮಿಕ್ ನಾರಿನದಾದರೆ ಮುಟ್ಟಿದರೇ ಪುಡಿಯಾಗುತ್ತದೆ. ಆ ಪುಡಿ ಎದೆಗೂ ಒಳ್ಳೆಯದಲ್ಲ, ಮಾಸ್ಕ್ ಹೇಳಿದ್ದು ಅದಕ್ಕೇ. ಹೀಟ್ ಎಕ್ಸ್‌ಚೇಂಜರಿನಲ್ಲಿ ಬಿರುಕೋ ತುಕ್ಕು ತಿಂದ ತೂತೋ ಕಂಡರೆ ಅಲ್ಲಿಗೇ ನಿಲ್ಲಿಸಿ. ಆ ಫರ್ನೇಸನ್ನು ಓಡಿಸಬಾರದು. ಯಾವ ಟ್ಯೂನಿಂಗೂ ಅದನ್ನು ಸರಿಮಾಡುವುದಿಲ್ಲ.

ಫಿಲ್ಟರ್ ಬದಲಿಸಿ, ಪಂಪಿನ ಜಾಲರಿ ತೊಳೆಯಿರಿ ಅಥವಾ ಬದಲಿಸಿ. ಬರ್ನರಿನ ಫ್ಯಾನಿನ ರೆಕ್ಕೆಗಳಲ್ಲಿ ಧೂಳು ಕಟ್ಟಿರುತ್ತದೆ, ಅದನ್ನು ಕೆರೆದು ತೆಗೆಯಿರಿ. ಕ್ಯಾಡ್ ಸೆಲ್ಲಿನ ಮುಖವನ್ನು ಮೆತ್ತನೆ ಬಟ್ಟೆಯಿಂದ ಒರೆಸಿ.

ಇನ್ನು ಸಂದುಗಳು. ಬರ್ನರ್ ಫರ್ನೇಸಿಗೆ ಕೂರುವ ಕಡೆ, ಇಣುಕುಬಾಗಿಲಿನ ಸುತ್ತ, ಎರಕದ ಭಾಗಗಳು ಸೇರುವ ಕಡೆ ಬಿರುಕುಗಳಿದ್ದರೆ ಫರ್ನೇಸ್ ಸಿಮೆಂಟ್ ಮೆತ್ತಿ. ಇದು ಚಿಲ್ಲರೆ ಕೆಲಸ ಅನ್ನಿಸಬಹುದು. ಆದರೆ ಈ ಸಂದುಗಳಿಂದ ನುಗ್ಗುವ ಗಾಳಿ ಉರಿಗೆ ಸಿಗುವುದಿಲ್ಲ, ಸುಮ್ನೆ ಬಿಸಿ ಹೊತ್ತು ಚಿಮಣಿಗೆ ಹೋಗುತ್ತದೆ. ಅನಲೈಸರ್ "ಗಾಳಿ ಧಾರಾಳ" ಅನ್ನುತ್ತದೆ, ಉರಿ ಮಾತ್ರ ಉಸಿರುಕಟ್ಟಿ ಹೊಗೆ ಕಾರುತ್ತಿರುತ್ತದೆ.

ನಾಝಲ್ ಮತ್ತು ಎಲೆಕ್ಟ್ರೋಡ್

ನಾಝಲಿನ ಮೈಮೇಲೆ ಮೂರು ವಿಷಯ ಕೆತ್ತಿರುತ್ತದೆ. ಗಂಟೆಗೆ ಎಷ್ಟು ಗ್ಯಾಲನ್, ಎಷ್ಟು ಡಿಗ್ರಿ ಕೋನ, ಮತ್ತು ತುಂತುರು ಟೊಳ್ಳೋ ಗಟ್ಟಿಯೋ ಎಂಬ ಗುರುತು. ಉದಾಹರಣೆಗೆ 0.85, 80 ಡಿಗ್ರಿ, ಬಿ. ಈ ಮೂರೂ ನಿಮ್ಮ ಫರ್ನೇಸಿನ ಫಲಕದಲ್ಲೋ ಕೈಪಿಡಿಯಲ್ಲೋ ಹೇಳಿದ್ದಕ್ಕೆ ಹೊಂದಬೇಕು. ಕೋನ ತಪ್ಪಿದರೆ ಎಣ್ಣೆ ಗೂಡಿನ ಗೋಡೆಗೆ ಬಡಿಯುತ್ತದೆ, ಅಲ್ಲಿ ಇದ್ದಿಲಿನಂಥ ಗಟ್ಟಿ ಕರಿ ಕಟ್ಟುತ್ತದೆ.

ನಾಝಲನ್ನು ಬದಲಿಸಿ, ತೊಳೆಯಬೇಡಿ. ತೂತಿಗೆ ತಂತಿ ಚುಚ್ಚಿದರಂತೂ ಅದರ ಕಥೆ ಮುಗಿಯಿತು. ಬಿಚ್ಚುವಾಗ ಒಂದು ಸ್ಪ್ಯಾನರಿನಲ್ಲಿ ಅಡಾಪ್ಟರನ್ನು (ನಾಝಲ್ ಕೂರುವ ತುಂಡು) ಹಿಡಿದು, ಇನ್ನೊಂದರಲ್ಲಿ ನಾಝಲ್ ತಿರುಗಿಸಿ. ಒಂದೇ ಸ್ಪ್ಯಾನರಿನಲ್ಲಿ ತಿರುಗಿಸಿದರೆ ಎಣ್ಣೆಯ ನಳಿಕೆಯೇ ತಿರುಚಿಕೊಳ್ಳುತ್ತದೆ. ಹೊಸದನ್ನು ಡಬ್ಬಿಯಿಂದ ತೆಗೆದಾಗ ಹಿಂದಿನ ಜಾಲರಿಯನ್ನೂ ಮುಂದಿನ ಮೂತಿಯನ್ನೂ ಬೆರಳಿನಿಂದ ಮುಟ್ಟಬೇಡಿ. ಷಡ್ಭುಜದ ಅಂಚು ಹಿಡಿದು ಕೈಯಿಂದಲೇ ಕೂರಿಸಿ, ಆಮೇಲೆ ಸ್ಪ್ಯಾನರಿನಲ್ಲಿ ಒಂದಿಷ್ಟು ಬಿಗಿಮಾಡಿ. ಹಿತ್ತಾಳೆ ಮೆತ್ತಗಿರುತ್ತದೆ, ಶಕ್ತಿ ತೋರಿಸುವ ಜಾಗ ಅದಲ್ಲ.

ಎಲೆಕ್ಟ್ರೋಡಿನ ತುದಿಗಳ ನಡುವೆ ಸುಮಾರು 3ರಿಂದ 4 ಮಿಲಿಮೀಟರ್ ಅಂತರ ಇರುವುದು ವಾಡಿಕೆ. ನಾಝಲಿನಿಂದ ಎಷ್ಟು ಮೇಲೆ, ಎಷ್ಟು ಮುಂದೆ ಎಂಬುದು ಬರ್ನರಿನಿಂದ ಬರ್ನರಿಗೆ ಬೇರೆ, ಕೈಪಿಡಿ ನೋಡಿಯೇ ಇಡಿ. ನೆನಪಿಡಬೇಕಾದ್ದು ಇಷ್ಟೇ: ತುದಿಗಳು ತುಂತುರಿನಲ್ಲಿ ನೆನೆಯಬಾರದು. ಕಿಡಿ ಮಾತ್ರ ಗಾಳಿಯ ರಭಸಕ್ಕೆ ಬಾಗಿ ತುಂತುರನ್ನು ಮುಟ್ಟಬೇಕು. ಪಿಂಗಾಣಿ ಬಿರುಕು ಬಿಟ್ಟಿದ್ದರೆ ಹೊಸದು ಹಾಕಿ.

ಪಂಪಿನ ಒತ್ತಡ

ಗೇಜನ್ನು ಪಂಪಿಗೆ ಸಿಕ್ಕಿಸಿ. ಎಣ್ಣೆಯ ನಳಿಕೆ ಬಿಚ್ಚಿದ್ದರಿಂದ ಒಳಗೆ ಗಾಳಿ ಸೇರಿರುತ್ತದೆ, ಅದನ್ನು ಬ್ಲೀಡ್ ಮಾಡಬೇಕು, ಅಂದರೆ ಹೊರಬಿಡಬೇಕು. ಬ್ಲೀಡರಿಗೆ ಪಾರದರ್ಶಕ ನಳಿಕೆ ಸಿಕ್ಕಿಸಿ ಡಬ್ಬಿಗೆ ಇಳಿಬಿಡಿ, ಬರ್ನರ್ ಶುರುಮಾಡಿ. ಮೊದಲು ನೊರೆನೊರೆಯಾಗಿ ಬರುತ್ತದೆ, ಆಮೇಲೆ ಗುಳ್ಳೆ ಇಲ್ಲದ ಧಾರೆ. ಆಗ ಮುಚ್ಚಿ.

ಹಳೆಯ ವಿನ್ಯಾಸಗಳಲ್ಲಿ 100 ಪಿಎಸ್‌ಐ, ಹೊಸದರಲ್ಲಿ 140 ಅಥವಾ ಸ್ವಲ್ಪ ಹೆಚ್ಚು. ನಿಮ್ಮದಕ್ಕೆ ಎಷ್ಟು ಅಂತ ಫಲಕ ಹೇಳುತ್ತದೆ. ಒತ್ತಡದ ಸ್ಕ್ರೂವನ್ನು ಮನಸ್ಸಿಗೆ ಬಂದಂತೆ ತಿರುಗಿಸಬೇಡಿ. ನಾಝಲಿನ ಮೇಲೆ ಬರೆದ ಲೆಕ್ಕ 100 ಪಿಎಸ್‌ಐಗೆ. 0.85ರ ನಾಝಲನ್ನು 140ರಲ್ಲಿ ಓಡಿಸಿದರೆ ಅದು ಗಂಟೆಗೆ ಒಂದು ಗ್ಯಾಲನ್ ಸುರಿಯುತ್ತದೆ. ಹರಿವು ಒತ್ತಡದ ವರ್ಗಮೂಲದಂತೆ ಏರುತ್ತದೆ. ಒಂದು ಗ್ಯಾಲನ್ ಅಂದರೆ ಸುಮಾರು 3.8 ಲೀಟರ್, ಅದರೊಳಗಿನ ಬಿಸಿ ಸುಮಾರು 1,40,000 ಬಿಟಿಯು. ಫರ್ನೇಸ್ ತಡೆಯುವುದಕ್ಕಿಂತ ಜಾಸ್ತಿ ಉರಿ ಹಾಕಿದರೆ ಹೀಟ್ ಎಕ್ಸ್‌ಚೇಂಜರ್ ಸುಡುತ್ತದೆ, ಉಳಿದ ಬಿಸಿ ಚಿಮಣಿ ಪಾಲು.

ಬರ್ನರ್ ನಿಂತಾಗ ಎಣ್ಣೆ ತಕ್ಷಣ ಕಟ್ ಆಗುತ್ತದೆಯೇ ಅಂತಲೂ ನೋಡಿ. ಗೇಜನ್ನು ನಾಝಲಿಗೆ ಎಣ್ಣೆ ಹೋಗುವ ಬಾಯಿಗೆ ಸಿಕ್ಕಿಸಿ ಓಡಿಸಿ ನಿಲ್ಲಿಸಿದರೆ, ಮುಳ್ಳು ಸ್ವಲ್ಪ ಇಳಿದು ಅಲ್ಲೇ ನಿಲ್ಲಬೇಕು. 100ರಿಂದ 80ರ ಸುತ್ತ ನಿಂತರೆ ಸರಿ. ಸೊನ್ನೆಗೆ ಜಾರುತ್ತಾ ಹೋದರೆ ಪಂಪಿನ ವಾಲ್ವ್ ಸೋರುತ್ತಿದೆ. ಬರ್ನರ್ ನಿಂತ ಮೇಲೂ ನಾಝಲ್ ತೊಟ್ಟಿಕ್ಕಿ ಎಣ್ಣೆ ವಾಸನೆ, ಮಸಿ ಎರಡೂ ಬರುವುದು ಹೀಗೆಯೇ.

ಸೆಳೆತ, ಅಂದರೆ ಡ್ರಾಫ್ಟ್

ಗಾಳಿಯ ಬಾಗಿಲನ್ನು, ಅಂದರೆ ಬರ್ನರಿನ ಫ್ಯಾನಿಗೆ ಎಷ್ಟು ಗಾಳಿ ಹೋಗಬೇಕು ಅಂತ ಹೊಂದಿಸುವ ಮುಚ್ಚಳವನ್ನು, ಮುಟ್ಟುವ ಮೊದಲು ಡ್ರಾಫ್ಟ್ ಹೊಂದಿಸಬೇಕು. ಕ್ರಮ ತಿರುಗಾಮುರುಗಾ ಆದರೆ ಮಾಡಿದ ಕೆಲಸ ಹಾಳು, ಏಕೆಂದರೆ ಡ್ರಾಫ್ಟ್ ಬದಲಾದರೆ ಉರಿಗೆ ಸಿಗುವ ಗಾಳಿಯೂ ಬದಲಾಗುತ್ತದೆ.

ಫರ್ನೇಸ್ ಐದಾರು ನಿಮಿಷ ಓಡಿ ಬಿಸಿಯಾದ ಮೇಲೆ ಎರಡು ಕಡೆ ಅಳೆಯಿರಿ. ಒಂದು, ಇಣುಕುಬಾಗಿಲಿನ ತೂತಿನಿಂದ ಉರಿಯ ಮೇಲೆ. ಅಲ್ಲಿ ಮೈನಸ್ 0.01ರಿಂದ 0.02 ಇಂಚು ನೀರಿನಷ್ಟು, ಅಂದರೆ ಬರೀ 2.5ರಿಂದ 5 ಪಾಸ್ಕಲ್ ಸೆಳೆತ ಸಾಕು. ಇನ್ನೊಂದು, ಹೊಗೆಕೊಳವೆಯ ತೂತಿನಲ್ಲಿ. ಅಲ್ಲಿ ಸಾಮಾನ್ಯವಾಗಿ ಮೈನಸ್ 0.03ರಿಂದ 0.06. ಒಳಗೆ ಒತ್ತಡ ಇಟ್ಟುಕೊಂಡೇ ಉರಿಯುವ ವಿನ್ಯಾಸಗಳೂ ಇವೆ, ಅಂಥದ್ದಾದರೆ ಕೈಪಿಡಿಯ ಅಂಕಿಯನ್ನೇ ನಂಬಿ.

ಎರಡರ ನಡುವಿನ ವ್ಯತ್ಯಾಸದ ಮೇಲೆ ಕಣ್ಣಿಡಿ. ಕೊಳವೆಯಲ್ಲಿ ಸೆಳೆತ ಚೆನ್ನಾಗಿದ್ದು ಉರಿಯ ಮೇಲೆ ಸೊನ್ನೆ ಇದ್ದರೆ, ನಡುವೆ ದಾರಿ ಕಟ್ಟಿದೆ ಅಂತ ಅರ್ಥ. ಬ್ರಶ್ ಮತ್ತೆ ಕೈಗೆ ತಗೊಳ್ಳಿ. ಎರಡೂ ಕಡೆ ಕಡಿಮೆ ಇದ್ದರೆ ಚಿಮಣಿ ನೋಡಿ: ಹಕ್ಕಿ ಗೂಡು ಕಟ್ಟಿರಬಹುದು, ಇಟ್ಟಿಗೆ ಬಿದ್ದಿರಬಹುದು, ಅಥವಾ ಕೋಣೆಗೆ ಹೊರಗಿನ ಗಾಳಿ ಬರಲು ದಾರಿಯೇ ಇಲ್ಲದಿರಬಹುದು. ಸೆಳೆತ ಜಾಸ್ತಿ ಇದ್ದರೆ ರೆಗ್ಯುಲೇಟರಿನ ತೂಕವನ್ನು ಸರಿಸಿ, ಬಾಗಿಲು ಬೇಗ ತೆರೆಯುವಂತೆ ಮಾಡಿ.

ಹೊಗೆ: ಕಾಗದ ಹೇಳುವ ಸತ್ಯ

ಲಾಟೀನಿನ ಬತ್ತಿ ಏರಿಸಿದರೆ ಗಾಜು ಮಸಿ ಹಿಡಿಯುತ್ತದಲ್ಲ, ಇಲ್ಲಿಯೂ ಅದೇ ಲೆಕ್ಕ. ಎಣ್ಣೆ ಜಾಸ್ತಿ, ಗಾಳಿ ಕಡಿಮೆ ಆದರೆ ಮಸಿ. ವ್ಯತ್ಯಾಸ ಏನೆಂದರೆ ಫರ್ನೇಸಿನ ಮಸಿ ಕಾಣದ ಜಾಗದಲ್ಲಿ ಕೂರುತ್ತದೆ.

ಹೊಗೆ ಪಂಪಿಗೆ ಹೊಸ ಕಾಗದ ಸಿಕ್ಕಿಸಿ, ಕೊಳವೆಯ ತೂತಿಗೆ ತೂರಿಸಿ, ನಿಧಾನವಾಗಿ ಹತ್ತು ಸಲ ಎಳೆಯಿರಿ. ಪ್ರತಿ ಎಳೆತದ ಕೊನೆಗೆ ಒಂದೆರಡು ಸೆಕೆಂಡ್ ತಡೆಯಿರಿ, ಇಲ್ಲದಿದ್ದರೆ ಪಂಪು ಪೂರ್ತಿ ತುಂಬುವುದಿಲ್ಲ. ಕಾಗದ ಹೊರತೆಗೆದು ಪಟ್ಟಿಯ ಹಿಂದೆ ಇಟ್ಟು ಹೋಲಿಸಿ. ಪಟ್ಟಿಯಲ್ಲಿ ಸೊನ್ನೆಯಿಂದ ಒಂಬತ್ತರವರೆಗೆ ಚುಕ್ಕೆಗಳಿರುತ್ತವೆ, ಸೊನ್ನೆ ಬಿಳಿ, ಒಂಬತ್ತು ಕಾಡಿಗೆ. ಬೇಕಾದ್ದು ಸೊನ್ನೆ. ಚುಕ್ಕೆ ಬೂದು ಬಣ್ಣದ ಬದಲು ಹಳದಿಯಾಗಿದ್ದರೆ ಅದು ಉರಿಯದ ಎಣ್ಣೆ. ಗಾಳಿ ವಿಪರೀತವಾಗಿದ್ದರೆ ಅಥವಾ ನಾಝಲ್ ಕೆಟ್ಟಿದ್ದರೆ ಹಾಗಾಗುತ್ತದೆ.

"ಹಾಗಾದರೆ ಗಾಳಿ ಪೂರ್ತಿ ತೆರೆದುಬಿಡೋಣ, ಹೊಗೆಯೇ ಇರಲ್ಲ" ಅನ್ನಿಸುತ್ತದೆ. ಉರಿಯೂ ಆಗ ಕಣ್ಣು ಕೋರೈಸುವಷ್ಟು ಬೆಳ್ಳಗಾಗಿ ಚೆಂದ ಕಾಣುತ್ತದೆ. ಆದರೆ ಬೇಡದ ಗಾಳಿಯನ್ನೂ ಕಾಯಿಸಿ ಹೊರಗೆ ಕಳಿಸುವ ಖರ್ಚು ನಿಮ್ಮದೇ. ಹೊಗೆಯಲ್ಲಿ ಕಾರ್ಬನ್ ಡೈ ಆಕ್ಸೈಡ್ 12 ಪ್ರತಿಶತ ಇರುವ ಕಡೆ ಗಾಳಿ ಏರಿಸಿ 8ಕ್ಕೆ ಇಳಿಸಿದರೆ, ಹೊಗೆಯ ಬಿಸಿ ಅಷ್ಟೇ ಇದ್ದರೂ ದಕ್ಷತೆ ನಾಲ್ಕೈದು ಪಾಯಿಂಟ್ ಬೀಳುತ್ತದೆ.

ಹಾಗಾಗಿ ಹೀಗೆ ಮಾಡಿ. ಗಾಳಿಯ ಬಾಗಿಲನ್ನು ಸ್ವಲ್ಪ ಸ್ವಲ್ಪವೇ ಮುಚ್ಚುತ್ತಾ ಬನ್ನಿ. ಪ್ರತಿ ಸಲ ಒಂದೆರಡು ನಿಮಿಷ ಕಾದು ಕಾಗದ ತೆಗೆಯಿರಿ. ಚುಕ್ಕೆ ಇದೆಯೋ ಇಲ್ಲವೋ ಅನ್ನುವಷ್ಟು ತೆಳು ನೆರಳು ಮೂಡಿದ ಕಡೆ ನಿಲ್ಲಿಸಿ. ಈಗ ಅನಲೈಸರ್ ಹಾಕಿ ಆಮ್ಲಜನಕ ಓದಿ. 3.5 ಪ್ರತಿಶತ ಬಂತು ಅಂತಿಟ್ಟುಕೊಳ್ಳಿ. ಅಲ್ಲಿಂದ ಗಾಳಿಯನ್ನು ಮತ್ತೆ ತೆರೆದು ಆಮ್ಲಜನಕ 1.5ರಿಂದ 2ರಷ್ಟು ಏರುವಂತೆ, ಅಂದರೆ 5–5.5ರಲ್ಲಿ ಇಡಿ. ಹಳೇ ರೀತಿಯ ದ್ರಾವಣದ ಉಪಕರಣ ಇದ್ದರೆ ಅದೇ ಕಡೆ ಕಾರ್ಬನ್ ಡೈ ಆಕ್ಸೈಡ್ 11.5ರ ಆಸುಪಾಸು ತೋರಿಸುತ್ತದೆ. ಸ್ಕ್ರೂ ಬಿಗಿಮಾಡಿ, ಮತ್ತೊಮ್ಮೆ ಹೊಗೆ ಎಳೆಯಿರಿ. ಕಾಗದ ಅಚ್ಚ ಬಿಳಿ ಇರಬೇಕು. ಸ್ಕ್ರೂ ಬಿಗಿಮಾಡುವಾಗಲೇ ಬಾಗಿಲು ಕೂದಲೆಳೆಯಷ್ಟು ಜರುಗುವುದುಂಟು, ಅದಕ್ಕೇ ಈ ಕೊನೆಯ ಕಾಗದ.

ಆ ಹೆಚ್ಚುವರಿ ಗಾಳಿ ಏತಕ್ಕೆ ಅಂದರೆ, ನಾಳೆ ಫ್ಯಾನಿಗೆ ಧೂಳು ಹಿಡಿಯುತ್ತದೆ, ಎಣ್ಣೆ ತಣ್ಣಗಾಗಿ ಮಂದವಾಗುತ್ತದೆ, ಹವೆ ಬದಲಾಗಿ ಡ್ರಾಫ್ಟ್ ಏರಿಳಿಯುತ್ತದೆ. ಅಂಚಿನಲ್ಲೇ ಬಿಟ್ಟರೆ ಒಂದು ತಿಂಗಳಲ್ಲಿ ಮಸಿ ಶುರು.

ಆಮ್ಲಜನಕ 7–8 ಪ್ರತಿಶತ ಇದ್ದರೂ ಹೊಗೆ ಹೋಗುತ್ತಿಲ್ಲ ಅಂದರೆ ಗಾಳಿಯ ಬಾಗಿಲನ್ನು ಇನ್ನು ಮುಟ್ಟಬೇಡಿ. ತಪ್ಪು ಬೇರೆಡೆ ಇದೆ. ನಾಝಲ್ ಕೋನ ತಪ್ಪಿರಬಹುದು, ಬರ್ನರಿನ ಮೂತಿಯ ಸೀಳುಗಳಿಗೆ ಮಸಿ ಕಟ್ಟಿರಬಹುದು, ಒತ್ತಡ ಕಡಿಮೆ ಇರಬಹುದು, ಗೂಡು ಮುರಿದಿರಬಹುದು, ಇಲ್ಲವೇ ನಾನು ಮೊದಲೇ ಹೇಳಿದ ಸಂದುಗಳು.

ಬಿಸಿ ಮತ್ತು ವಿಷಾನಿಲ

ಹೊಗೆಯ ಬಿಸಿ ಅಳೆದು ಅದರಿಂದ ಕೋಣೆಯ ಬಿಸಿ ಕಳೆಯಿರಿ. ಉಳಿದದ್ದೇ ನಿವ್ವಳ. ನಿವ್ವಳ 400 ಡಿಗ್ರಿ ಫ್ಯಾರನ್‌ಹೀಟ್, ಆಮ್ಲಜನಕ 5 ಬಂದರೆ ದಕ್ಷತೆ ಸುಮಾರು 83 ಪ್ರತಿಶತ. ಬಿಸಿ ತೀರಾ ಜಾಸ್ತಿ ಇದ್ದರೆ ಮಸಿ, ದೊಡ್ಡ ನಾಝಲ್, ಅತಿಯಾದ ಡ್ರಾಫ್ಟ್, ಇಲ್ಲವೇ ಮನೆಗಾಳಿಯ ಫಿಲ್ಟರ್ ಕಟ್ಟಿರುವುದು ಕಾರಣ. ತೀರಾ ಕಡಿಮೆ ಆದರೂ ಖುಷಿಪಡಬೇಡಿ. ಸಾಮಾನ್ಯ ಇಟ್ಟಿಗೆ ಚಿಮಣಿಯಲ್ಲಿ ಹೊಗೆ 350 ಡಿಗ್ರಿ ಫ್ಯಾರನ್‌ಹೀಟಿಗಿಂತ ಕೆಳಗಿಳಿದರೆ ಒಳಗೋಡೆಯಲ್ಲಿ ತೇವ ಇಳಿಯುವ ಭಯ. ಎಣ್ಣೆಯ ಗಂಧಕ ಆ ತೇವಕ್ಕೆ ಸೇರಿ ಆಮ್ಲವಾಗಿ ಇಟ್ಟಿಗೆ, ತಗಡು ಎರಡನ್ನೂ ತಿನ್ನುತ್ತದೆ.

ಕಾರ್ಬನ್ ಮಾನಾಕ್ಸೈಡ್ ಹೊಗೆಕೊಳವೆಯಲ್ಲಿ 50 ಪಿಪಿಎಂ (ಹತ್ತು ಲಕ್ಷದಲ್ಲಿ 50 ಭಾಗ) ಒಳಗಿರಲಿ. ಅದಕ್ಕಿಂತ ಏರುತ್ತಿದ್ದರೆ ಕಾರಣ ಸಿಗುವ ತನಕ ಬಿಡಬೇಡಿ.

ಕೊನೆಗೆ ಕಾವಲುಗಾರರ ಪರೀಕ್ಷೆ

ಸ್ವಿಚ್ ಆಫ್ ಮಾಡಿ ಕ್ಯಾಡ್ ಸೆಲ್ಲಿನ ಒಂದು ತಂತಿ ಕಳಚಿ, ಮತ್ತೆ ಶುರುಮಾಡಿ. ಉರಿ ಹೊತ್ತುತ್ತದೆ, ಆದರೆ ಕಂಟ್ರೋಲಿಗೆ ಕಾಣುವುದಿಲ್ಲ. ಕೈಯಲ್ಲಿ ಗಡಿಯಾರ ಹಿಡಿದು ನಿಲ್ಲಿ. ನಿಗದಿತ ಸಮಯಕ್ಕೆ ಲಾಕ್ ಆಗಲೇಬೇಕು. ಆಗದಿದ್ದರೆ ಕಂಟ್ರೋಲ್ ಬದಲಿಸುವವರೆಗೂ ಫರ್ನೇಸ್ ಓಡಿಸಬೇಡಿ. ಲಾಕ್ ಆದರೆ ಸ್ವಿಚ್ ಆಫ್ ಮಾಡಿ ತಂತಿ ಮರಳಿ ಸಿಕ್ಕಿಸಿ. ಉರಿ ಇರುವಾಗ ಸೆಲ್ಲಿನ ರೋಧ 1,600 ಓಮ್‌ಗಿಂತ ಕೆಳಗಿರಬೇಕು, ಕತ್ತಲಲ್ಲಿ ಹತ್ತಾರು ಸಾವಿರಕ್ಕೆ ಏರಬೇಕು.

ಆಮೇಲೆ ಮನೆಗೆ ಗಾಳಿ ತಳ್ಳುವ ಬ್ಲೋವರಿನ ಕರೆಂಟ್ ಮಾತ್ರ ತೆಗೆದು ಬರ್ನರ್ ಓಡಿಸಿ. ಒಳಗಿನ ಬಿಸಿ ಏರಿ, ಲಿಮಿಟ್ ಸ್ವಿಚ್ ಬರ್ನರನ್ನು ನಿಲ್ಲಿಸಬೇಕು, ಸಾಮಾನ್ಯವಾಗಿ 200 ಡಿಗ್ರಿ ಫ್ಯಾರನ್‌ಹೀಟಿನ ಹೊತ್ತಿಗೆ. ಪಕ್ಕದಲ್ಲೇ ನಿಂತಿರಿ, ಕೈ ಮುಖ್ಯ ಸ್ವಿಚ್ ಮೇಲೆ ಇರಲಿ. ಬ್ಲೋವರಿಗೆ ಕರೆಂಟ್ ಮರಳಿ ಕೊಟ್ಟ ಮೇಲೆ ಹೊರಡುವ ಗಾಳಿಯ ಬಿಸಿಗೂ ಮರಳುವ ಗಾಳಿಯ ಬಿಸಿಗೂ ಇರುವ ವ್ಯತ್ಯಾಸ ಫಲಕದಲ್ಲಿ ಬರೆದ ಮಿತಿಯೊಳಗಿದೆಯೇ ನೋಡಿ.

ಹೊಗೆಕೊಳವೆಯ ತೂತಿಗೆ ತಗಡಿನ ಬಿರಡೆ ಹಾಕಿ. ಒಂದು ರಟ್ಟಿನ ಮೇಲೆ ತಾರೀಖು, ನಾಝಲ್, ಒತ್ತಡ, ಎರಡೂ ಡ್ರಾಫ್ಟ್, ಹೊಗೆ, ಆಮ್ಲಜನಕ, ನಿವ್ವಳ ಬಿಸಿ, ಕಾರ್ಬನ್ ಮಾನಾಕ್ಸೈಡ್ ಬರೆದು ಫರ್ನೇಸಿಗೆ ಕಟ್ಟಿ. ಕೊನೆಯ ಬಿಳಿ ಕಾಗದವನ್ನೂ ಅದಕ್ಕೇ ಪಿನ್ ಮಾಡಿ. ಮುಂದಿನ ವರ್ಷ ಬೇರೆಲ್ಲ ಹಾಗೇ ಇದ್ದು ಹೊಗೆಯ ಬಿಸಿ ಮಾತ್ರ 50 ಡಿಗ್ರಿ ಏರಿದ್ದರೆ, ಬಾಗಿಲು ತೆರೆಯುವ ಮೊದಲೇ ಗೊತ್ತು, ಒಳಗೆ ಮಸಿ ಕೂತಿದೆ.